ನಿರಾಶಾಮೀಮಾಂಸೆ: ‘ಆಂಡೋರ್’ ನೋಡಿ ನೊಂದವರ ಲಕ್ಷಣ, ಭೇದ ಮತ್ತು ಪ್ರಾಯಶ್ಚಿತ್ತ

ಉಪೋದ್ಘಾತ

ಸೂತ್ರ ಚಿಕ್ಕದು, ಅದರ ಭಾಷ್ಯ ದೊಡ್ಡದು, ಭಾಷ್ಯದ ಮೇಲಿನ ಟೀಕೆ ಇನ್ನೂ ದೊಡ್ಡದು. ಟೀಕೆಗೆ ಟಿಪ್ಪಣಿ ಬರೆಯುವ ಹೊತ್ತಿಗೆ ಸೂತ್ರಕಾರ ಹೇಳಿದ್ದೇನು ಎಂದು ಕೇಳುವವರೇ ಇರುವುದಿಲ್ಲ. ಶಾಸ್ತ್ರಪರಂಪರೆಯ ಈ ನಿಯಮ ಹಾಲಿವುಡ್ಡಿಗೂ ಅನ್ವಯಿಸುತ್ತದೆ ಎಂಬುದನ್ನು ಪಂಡಿತರು ಅಷ್ಟಾಗಿ ಗಮನಿಸಿದಂತಿಲ್ಲ.

1977ರ ‘ಸ್ಟಾರ್ ವಾರ್ಸ್’ ಚಿತ್ರದ ಆರಂಭದಲ್ಲಿ ಹಳದಿ ಅಕ್ಷರಗಳು ಕೆಳಗಿನಿಂದ ಮೇಲಕ್ಕೆ ಜಾರುತ್ತ ನಕ್ಷತ್ರಗಳಲ್ಲಿ ಕರಗುತ್ತವಷ್ಟೆ. ಸಾಮ್ರಾಜ್ಯದ ಮಹಾಸ್ತ್ರವಾದ ಡೆತ್ ಸ್ಟಾರ್‌ನ ನಕ್ಷೆಯನ್ನು ಬಂಡುಕೋರರ ಗೂಢಚಾರರು ಕದ್ದರು ಎಂಬ ಅರ್ಥದ ಒಂದು ವಾಕ್ಯ ಅಲ್ಲಿದೆ. ಇದು ಸೂತ್ರ. 2016ರಲ್ಲಿ ಗ್ಯಾರೆತ್ ಎಡ್ವರ್ಡ್ಸ್ ನಿರ್ದೇಶನದಲ್ಲಿ ಬಂದ ‘ರೋಗ್ ಒನ್’ ಇದರ ಭಾಷ್ಯ. ಹಾಗೆ ನಕ್ಷೆ ಕದ್ದವರಲ್ಲಿ ಕ್ಯಾಸಿಯನ್ ಆಂಡೋರ್ ಎಂಬವನೊಬ್ಬ. ಅವನು ಅದಕ್ಕೂ ಹಿಂದಿನ ಐದು ವರ್ಷ ಏನು ಮಾಡಿಕೊಂಡಿದ್ದ ಎಂಬ, ಯಾರೂ ಕೇಳದಿದ್ದ ಪ್ರಶ್ನೆಗೆ ಉತ್ತರವಾಗಿ ಟೋನಿ ಗಿಲ್ರಾಯ್ ರಚಿಸಿದ ಟೀಕೆಯೇ ‘ಆಂಡೋರ್’. 2022ರಲ್ಲಿ 12 ಕಂತು, 2025ರಲ್ಲಿ ಮತ್ತೆ 12. ಮೊದಲಿದ್ದ ಸಂಕಲ್ಪ ಐದು ಸೀಸನ್‌ಗಳದು. ಮಾನವ ಆಯುಷ್ಯದ ಮಿತಿಯನ್ನು ನೆನೆದು ಎರಡಕ್ಕೆ ಇಳಿಸಲಾಯಿತು.

ಟೀಕೆಗೆ ವಿದ್ವತ್‌ಸಭೆಯಲ್ಲಿ ಮನ್ನಣೆ ಸಿಕ್ಕಿತು. ಪೀಬಾಡಿ ಪ್ರಶಸ್ತಿ ಬಂತು, ಚಿತ್ರಕಥೆಗೆ ಎಮ್ಮಿ ಬಂತು. ವಿಮರ್ಶಕರು ಹೊಗಳಿ ಹೊಗಳಿ ಸುಸ್ತಾದರು. ಇಷ್ಟಾದರೂ ಅಭಿಮಾನಿ ಮಾತ್ರ ಮುಖ ಊದಿಸಿಕೊಂಡು ಕೂತಿದ್ದಾನೆ. ಕೆಟ್ಟದ್ದನ್ನು ನೋಡಿ ಬೇಸರವಾದರೆ ಅದಕ್ಕೆ ಶಾಸ್ತ್ರ ಬೇಕಿಲ್ಲ. ಒಳ್ಳೆಯದನ್ನು ನೋಡಿ ಬೇಸರವಾದಾಗ ಮೀಮಾಂಸೆ ಅನಿವಾರ್ಯ.

ಅಧಿಕಾರಿ ವಿಚಾರ

ಈ ನಿರಾಶೆಗೆ ಅಧಿಕಾರಿ ಯಾರು? ದಾರಿಯಲ್ಲಿ ಹೋಗುವವರಿಗೆಲ್ಲ ಇದು ದಕ್ಕುವುದಿಲ್ಲ. ಸಾಧನ ಚತುಷ್ಟಯ ಸಂಪನ್ನನಾಗಿರಬೇಕು. ಮೊದಲನೆಯದು ನಿತ್ಯಾನಿತ್ಯ ವಿವೇಕ. 2014ರಲ್ಲಿ ಲ್ಯೂಕಾಸ್‌ಫಿಲ್ಮ್‌ನವರು ದಶಕಗಳ ಕಾದಂಬರಿ, ಕಾಮಿಕ್ಸ್‌ಗಳನ್ನು ‘ಲೆಜೆಂಡ್ಸ್’ ಎಂದು ಹಣೆಪಟ್ಟಿ ಹಚ್ಚಿ ಅಧಿಕೃತ ಕಥೆಯಿಂದ ಹೊರಗಿಟ್ಟರಲ್ಲ, ಆಗ ತನ್ನ ಅಲಮಾರಿನ ಅರ್ಧಭಾಗ ಮಿಥ್ಯೆ ಎಂಬ ಜ್ಞಾನ ಯಾರಿಗೆ ಉದಯಿಸಿತೋ ಅವನೇ ವಿವೇಕಿ. ಎರಡನೆಯದು ವೈರಾಗ್ಯ, ಹೊಸ ಚಿತ್ರ ಬಂದಾಗಲೆಲ್ಲ ‘ಇನ್ನು ಸಾಕಪ್ಪಾ’ ಎನಿಸುವುದು. ಮೂರನೆಯದು ಶಮದಮಾದಿಗಳು, ಕಥೆ ಕುದುರುತ್ತಿದ್ದಂತೆ ಕಂತು ಮುಗಿದರೂ ರಿಮೋಟ್ ಎಸೆಯದೆ ಮುಂದಿನ ವಾರದವರೆಗೆ ಕಾಯುವುದು. ನಾಲ್ಕನೆಯದು ಮುಮುಕ್ಷುತ್ವ. ಬಿಡುಗಡೆ ಬೇಕೆಂಬ ತೀವ್ರ ಹಂಬಲ ಉಂಟು, ಚಂದಾ ರದ್ದು ಮಾಡುವ ಬಟನ್ ಎಲ್ಲಿದೆ ಎಂಬುದೂ ಗೊತ್ತುಂಟು, ಕೈ ಮಾತ್ರ ಅತ್ತ ಹೋಗದು.

ಕಾಲ ವಿಚಾರ

ಲೋಕದಲ್ಲಿ ಕಾರಣ ಮೊದಲು, ಕಾರ್ಯ ಆಮೇಲೆ. ಪ್ರೀಕ್ವೆಲ್ ಎಂಬ ಪದಾರ್ಥದಲ್ಲಿ ಮಾತ್ರ ಕಾರ್ಯ ಮೊದಲೇ ಹುಟ್ಟಿ, ದುಡ್ಡು ಮಾಡಿ, ಆಟಿಕೆಯಾಗಿ ಅಂಗಡಿ ಸೇರಿ, ನಾಲ್ಕು ದಶಕ ಕಳೆದ ಮೇಲೆ ಅದರ ಕಾರಣ ಜನ್ಮ ತಾಳುತ್ತದೆ. ಕಾರ್ಯವು ಕಾರಣದೊಳಗೆ ಮೊದಲೇ ಇರುತ್ತದೆ ಎಂದವರು ಸಾಂಖ್ಯರು. ಕಾರಣವೇ ಕಾರ್ಯದೊಳಗೆ ಇರುತ್ತದೆ, ಕೆರೆದರೆ ಸಿಗುತ್ತದೆ ಎಂಬುದು ಸ್ಟುಡಿಯೋ ಮತ.

‘ಆಂಡೋರ್’ ಮೊದಲ ಕಂತಿನ ಆರಂಭದಲ್ಲೇ ತೆರೆಯ ಮೇಲೆ ‘ಬಿಬಿವೈ 5’ ಎಂದು ಮೂಡುತ್ತದೆ. ಯಾವಿನ್ ಯುದ್ಧಕ್ಕೆ ಐದು ವರ್ಷ ಮೊದಲು ಎಂದು ತಾತ್ಪರ್ಯ. ಆ ಯುದ್ಧವೆಂದರೆ 1977ರ ಚಿತ್ರದ ಕ್ಲೈಮ್ಯಾಕ್ಸ್. ಕಥೆಯೊಳಗಿನ ಜನರಿಗೆ ಅಂಥದ್ದೊಂದು ಯುದ್ಧ ಬರಲಿದೆ ಎಂಬ ಸುಳಿವೇ ಇಲ್ಲ. ಸೋಫಾದಲ್ಲಿ ಕೂತವನಿಗೆ ದಿನಾಂಕಸಮೇತ ಗೊತ್ತು. ಪಂಚಾಂಗ ಇವನದು, ಬದುಕು ಅವರದು. ಬದುಕುವವರು ಪಂಚಾಂಗ ನೋಡದೆ ತಮ್ಮ ಪಾಡಿಗೆ ನಡೆದುಕೊಂಡರೆ ಪಂಚಾಂಗದವನಿಗೆ ಸಿಟ್ಟು ಬರುವುದು ಸಹಜ.

ಭೇದ ನಿರೂಪಣೆ

ಜ್ಞಾನಕ್ಕೆ ಆರು ಪ್ರಮಾಣಗಳೆಂದು ಭಾಟ್ಟ ಮೀಮಾಂಸಕರು ಹೇಳುತ್ತಾರೆ. ನಿರಾಶೆಗೂ ಅವೇ ಆರು ದಾರಿ.

ಒಂದು, ಅನುಪಲಬ್ಧಿ. ಇರಬೇಕಾದದ್ದು ಕಾಣದಿದ್ದಾಗ ಅದರ ಅಭಾವ ತಿಳಿಯುತ್ತದೆ. ಇಲ್ಲಿ ಕಾಣದಿರುವುದು ಬೆಳಕಿನ ಖಡ್ಗ, ಅಂದರೆ ಲೈಟ್‌ಸೇಬರ್. ‘ಎಲ್ಲೆಲ್ಲಿ ಸ್ಟಾರ್ ವಾರ್ಸ್ ಇದೆಯೋ ಅಲ್ಲಲ್ಲಿ ಖಡ್ಗವಿದೆ’ ಎಂಬುದು ಈತನ ವ್ಯಾಪ್ತಿ. 24 ಕಂತು ಕಾದರೂ ಖಡ್ಗಧಾರಿ ಜೆಡೈ ಯೋಧನೊಬ್ಬ ಸಹ ಒರೆಯಿಂದ ಏನನ್ನೂ ಎಳೆಯಲಿಲ್ಲ. ಮೊದಲ ಸೀಸನ್ನಿನ 11ನೇ ಕಂತಿನಲ್ಲಿ ಬಂಡಾಯದ ಸೂತ್ರಧಾರ ಲೂಥೆನ್ ರೇಲ್‌ನ ನೌಕೆಯ ಎರಡೂ ಪಕ್ಕಗಳಿಂದ ಕೆಂಪು ಕಿರಣ ಚಿಮ್ಮಿ ಶತ್ರುವಿಮಾನಗಳನ್ನು ಸೀಳಿದಾಗ ಈತ ಅರ್ಧ ಎದ್ದು ನಿಂತ. ಅದು ಖಡ್ಗವಲ್ಲ, ಖಡ್ಗಾಭಾಸ ಎಂದು ತಿಳಿದು ಮತ್ತೆ ಕೂತ.

ಎರಡು, ಅರ್ಥಾಪತ್ತಿ. ಹಗಲು ಉಣ್ಣದ ದೇವದತ್ತ ದಪ್ಪಗಿದ್ದರೆ ರಾತ್ರಿ ಉಣ್ಣುತ್ತಾನೆ ಎಂದೇ ಅರ್ಥ. ಲೂಥೆನ್ ಹಗಲಲ್ಲಿ ಕೊರುಸಾಂಟ್ ನಗರದ ಪುರಾತನ ವಸ್ತುಗಳ ವ್ಯಾಪಾರಿ. ಖಡ್ಗಕ್ಕೆ ಶಕ್ತಿ ಕೊಡುವ ಕೈಬರ್ ಹರಳಿನ ಪದಕವೊಂದನ್ನು ಕ್ಯಾಸಿಯನ್ ಕೈಗೆ ಇಟ್ಟವನೂ ಅವನೇ. ಆದ್ದರಿಂದ ಅವನು ಗುಟ್ಟಾಗಿ ಜೆಡೈ ಆಗಿರಲೇಬೇಕು! ಈ ಅರ್ಥಾಪತ್ತಿಯನ್ನು ನೆಚ್ಚಿಕೊಂಡವರು ಕೊನೆಯವರೆಗೂ ಕಾದರು. ದೇವದತ್ತ ರಾತ್ರಿಯೂ ಉಣ್ಣಲಿಲ್ಲ.

ಮೂರು, ಉಪಮಾನ. ಗವಯವೆಂಬ ಕಾಡುಮೃಗ ಹಸುವಿನಂತಿರುತ್ತದೆ ಎಂದು ಕೇಳಿ ಕಾಡಿಗೆ ಹೋದವನು ಗವಯವನ್ನು ಗುರುತು ಹಿಡಿಯುತ್ತಾನೆ. ‘ಆಂಡೋರ್’ 2019ರ ‘ಮ್ಯಾಂಡಲೋರಿಯನ್’ನಂತಿರುತ್ತದೆ ಎಂದು ಕೇಳಿ ಬಂದವನು ಅದರಲ್ಲಿದ್ದಂಥ ಮುದ್ದಾದ ಹಸಿರು ಕೂಸನ್ನು ಹುಡುಕುತ್ತ ಕಂಗಾಲಾಗುತ್ತಾನೆ. ಕೂಸಿನ ಬದಲು ಅವನಿಗೆ ಸಿಕ್ಕಿದ್ದು ಸಿರಿಲ್ ಕಾರ್ನ್. ಸಮವಸ್ತ್ರವನ್ನು ತಾನೇ ಸ್ವಲ್ಪ ಬಿಗಿ ಮಾಡಿಸಿಕೊಂಡ, ಕೆಲಸ ಕಳೆದುಕೊಂಡು ತಾಯಿಯ ಮನೆಗೆ ವಾಪಸಾದ ಕಿರಿಯ ಅಧಿಕಾರಿ. ಬಾಗಿಲು ತೆರೆದ ತಾಯಿ ಮೊದಲು ಕಪಾಳಕ್ಕೊಂದು ಬಿಟ್ಟು ಆಮೇಲೆ ಅಪ್ಪಿಕೊಳ್ಳುತ್ತಾಳೆ. ಬೆಳಗ್ಗೆ ಅವನು ಬೌಲಿನ ಮುಂದೆ ತಲೆ ತಗ್ಗಿಸಿ ಸೀರಿಯಲ್ ತಿನ್ನುತ್ತಾನೆ; ಅವಳು ಹಾರ್ಲೋ ಅಂಕಲ್‌ಗೆ ಹೇಳಿ ಎಲ್ಲಾದರೂ ಒಂದು ಕೆಲಸ ಹಚ್ಚಿಸುವ ಮಾತಾಡುತ್ತಾಳೆ. ಗ್ಯಾಲಕ್ಸಿಯ ಆಚೆಗೂ ಶಿಫಾರಸು ಇದೆ ಎಂದು ತಿಳಿಯಲು ನಾನು ಚಂದಾ ಕಟ್ಟಬೇಕಿತ್ತೆ ಎಂಬುದು ಈತನ ಆಕ್ಷೇಪ. ನಮ್ಮ ಮಟ್ಟಿಗೆ ಆ ಸೀರಿಯಲ್ ಬೌಲಿನಷ್ಟು ಭಯಾನಕವಾದ ಆಯುಧ ಆ ಇಡೀ ಸಾಮ್ರಾಜ್ಯದಲ್ಲಿ ಕಾಣಲಿಲ್ಲ.

ನಾಲ್ಕು, ಅನುಮಾನ. ‘ಕ್ಯಾಸಿಯನ್ ಸ್ಕ್ಯಾರಿಫ್‌ನ ಕಡಲತೀರದಲ್ಲಿ ಸಾಯುವುದನ್ನು 2016ರಲ್ಲೇ ನೋಡಿದ್ದೇವೆ, ಆದ್ದರಿಂದ ಈಗ ಸಾಯುವುದಿಲ್ಲ, ಆದ್ದರಿಂದ ಕುತೂಹಲವಿಲ್ಲ.’ ತರ್ಕ ಅಚ್ಚುಕಟ್ಟು, ರಸಿಕತೆ ಮಾತ್ರ ಸೊನ್ನೆ. ಗದಾಯುದ್ಧದ ಪ್ರಸಂಗಕ್ಕೆ ಹೋದವನಿಗೆ ಬೆಳಗಿನ ಜಾವ ಕೌರವನ ತೊಡೆ ಮುರಿಯುತ್ತದೆಂದು ಗೊತ್ತಿರುವುದಿಲ್ಲವೆ? ಗೊತ್ತಿದ್ದೂ ರಂಗಸ್ಥಳದೆದುರು ರಾತ್ರಿಯಿಡೀ ಕೂರುವುದು ಅಂತ್ಯ ತಿಳಿಯಲಿಕ್ಕಲ್ಲ, ಅಲ್ಲಿಯವರೆಗೆ ಕೌರವ ಹೇಗೆ ಕುಣಿಯುತ್ತಾನೆಂದು ನೋಡಲಿಕ್ಕೆ.

ಐದು, ಶಬ್ದ, ಅಂದರೆ ಆಪ್ತವಾಕ್ಯ. ‘ಸ್ಟಾರ್ ವಾರ್ಸ್ ಇಷ್ಟವಿಲ್ಲದವರಿಗೂ ಇದು ಇಷ್ಟವಾಗುತ್ತದೆ’ ಎಂಬುದು ಈ ಸರಣಿಗೆ ಸಿಕ್ಕ ಅತಿ ಜನಪ್ರಿಯ ಪ್ರಶಂಸೆ. ಹೊಗಳಿದವರಿಗೆ ಇದು ಹೊಗಳಿಕೆ. ಬಾಲ್ಯದಿಂದ ಭಕ್ತನಾದವನ ಕಿವಿಗೆ ಬೀಳುವುದು ಬೇರೆಯೇ: ನೀನು ಇಷ್ಟು ವರ್ಷ ಮೆಚ್ಚಿದ್ದನ್ನೆಲ್ಲ ತೆಗೆದುಹಾಕಿದ್ದರಿಂದ ಇದು ಚೆನ್ನಾಗಿದೆ! ನೆಂಟರು ಬಂದು ‘ನಿಮ್ಮ ಮನೆಯವರು ಯಾರೂ ಇಲ್ಲದಿದ್ದಾಗ ಮನೆ ಎಷ್ಟು ಚೆಂದ’ ಎಂದರೆ ಸುಮ್ಮನಿರುವವರುಂಟೆ?

ಆರು, ಪ್ರತ್ಯಕ್ಷ. ಈ ಪಂಥದವರು ಕಡಿಮೆ, ನಗೆಪಾಟಲಿಗೆ ಈಡಾದದ್ದೇ ಹೆಚ್ಚು. 2022ರಲ್ಲಿ ಇವರು ತೆರೆಯನ್ನು ದಿಟ್ಟಿಸಿ ನೋಡಿ ಎತ್ತಿದ ಆಕ್ಷೇಪ ಇಷ್ಟೇ: ‘ಇದರಲ್ಲಿ ಇಟ್ಟಿಗೆ ಕಾಣುತ್ತಿದೆ. ಸ್ಕ್ರೂ ಕಾಣುತ್ತಿದೆ. ಸ್ಟಾರ್ ವಾರ್ಸ್‌ನಲ್ಲಿ ಇಟ್ಟಿಗೆ ಎಲ್ಲಿಂದ ಬಂತು?’ ಲೋಕವೆಲ್ಲ ನಕ್ಕಿತು. ಮೀಮಾಂಸಕರು ನಗುವ ಮೊದಲು ವಿಚಾರಿಸಬೇಕು.

ಪೂರ್ವಪಕ್ಷ

‘ಈ ನಿರಾಶೆ ಹೊಸದೇನಲ್ಲ’ ಎನ್ನುವರು ಪೂರ್ವಪಕ್ಷಿಗಳು. 1983ರ ಚಿತ್ರದ ನಂತರ 16 ವರ್ಷ ಕಾಯಿಸಿ 1999ರಲ್ಲಿ ‘ಫ್ಯಾಂಟಮ್ ಮೆನೇಸ್’ ಬಂದಾಗಲೂ ಜನ ಹಣೆ ಚಚ್ಚಿಕೊಂಡಿದ್ದರು. ಅದರ ಟ್ರೇಲರ್ ನೋಡಲೆಂದೇ ಬೇರೆ ಚಿತ್ರದ ಟಿಕೆಟ್ ಕೊಂಡು, ಟ್ರೇಲರ್ ಮುಗಿದ ಕೂಡಲೆ ಎದ್ದು ಹೋದ ಭಕ್ತರಿಗೆ ಸಿಕ್ಕಿದ್ದು ವ್ಯಾಪಾರಮಾರ್ಗಗಳ ತೆರಿಗೆಯ ತಗಾದೆ ಮತ್ತು ರಕ್ತಪರೀಕ್ಷೆಯಿಂದ ದೈವೀಶಕ್ತಿಯನ್ನು ಅಳೆಯುವ ಮಿಡಿಕ್ಲೋರಿಯನ್. ಅಂದಿನ ಹುಡುಗರು ದೊಡ್ಡವರಾದ ಮೇಲೆ ಅದೇ ಚಿತ್ರವನ್ನು ಮುದ್ದಾಡತೊಡಗಿದರು. ‘ಆಂಡೋರ್’ ನಿರಾಶೆಯೂ ಅದೇ ಜಾತಿಯದು, ಕಾಲಕ್ರಮೇಣ ಗುಣವಾಗುತ್ತದೆ.

ಇದು ಸರಿಯಲ್ಲ. ಅಂದು ಚಿತ್ರ ಕಳಪೆ ಎಂದು ಬೈದರು. ಇಂದು ಸರಣಿ ಚೆನ್ನಾಗಿದೆ ಎಂದು ಒಪ್ಪಿಕೊಂಡೇ ಬೈಯುತ್ತಾರೆ. ಅಂದು ತೆರಿಗೆ ಬಂತು, ಇಂದು ಆಡಿಟ್ ಬಂದಿದೆ. ಸೆನೆಟರ್ ಮಾನ್ ಮಾತ್ಮಾ ಬಂಡಾಯಕ್ಕೆ ಗುಟ್ಟಾಗಿ ಹಣ ಸಾಗಿಸಿ, ಕುಟುಂಬದ ಖಾತೆಯಲ್ಲಿ ಬಿದ್ದ ತೂತು ಮುಚ್ಚಲು ಪರದಾಡುತ್ತಾಳೆ. ತೂತು ಮುಚ್ಚಿಕೊಡಲು ಮುಂದೆ ಬಂದ ಸಾಹುಕಾರ ಕೇಳುವುದು ಬಡ್ಡಿಯನ್ನಲ್ಲ: ನನ್ನ ಮಗನನ್ನು ಕರೆತರುತ್ತೇನೆ, ನಿಮ್ಮ ಹುಡುಗಿಯನ್ನು ನೋಡಲಿ. 1999ರ ತೆರಿಗೆ ಯಾರ ಮನೆಗೂ ತಟ್ಟಲಿಲ್ಲ. ಈ ಆಡಿಟ್ ಊಟದ ಮೇಜಿಗೆ ಬಂದು ಕೂತಿತು. ಆ ಪಾತ್ರ ಮಾಡಿದ ಜೆನೆವೀವ್ ಓರೈಲಿ ಇದೇ ಸೆನೆಟರಾಗಿ 2005ರ ಚಿತ್ರದಲ್ಲಿ ನಟಿಸಿದ್ದ ದೃಶ್ಯಗಳು ಕತ್ತರಿಗೆ ಬಲಿಯಾಗಿದ್ದವು. ಅವರು ನಿರಾಶೆಯ ಬಗ್ಗೆ ಪ್ರಬಂಧ ಬರೆಯದೆ ಕಾದರು. ಅಭಿಮಾನಿಗಳಿಗೆ ಆ ಗುಣ ಬರಬಾರದೆ?

ಸಿದ್ಧಾಂತ

ಪ್ರಮಾಣಗಳಲ್ಲಿ ಪ್ರತ್ಯಕ್ಷವೇ ಜ್ಯೇಷ್ಠ. ಉಳಿದ ಐವರು ತೆರೆಯ ಮೇಲೆ ಇಲ್ಲದ್ದನ್ನು ಕುರಿತು ಅತ್ತರು. ತೆರೆಯ ಮೇಲೆ ಇದ್ದದ್ದನ್ನು ನೋಡಿ ಬೆಚ್ಚಿದವನು ಇಟ್ಟಿಗೆಯವನೊಬ್ಬನೇ. ಅವನು ಕಂಡದ್ದು ನಿಜವಾಗಿ ಏನೆಂದು ನೋಡೋಣ.

ಫೆರಿಕ್ಸ್ ಎಂಬ ಕಾರ್ಮಿಕರ ಊರಿನಲ್ಲಿ ಸತ್ತವರ ಬೂದಿಯಿಂದ ಇಟ್ಟಿಗೆ ಮಾಡಿ ಊರಿನ ಗೋಡೆಗೆ ಸೇರಿಸುವ ಪದ್ಧತಿ. ಕ್ಯಾಸಿಯನ್‌ನ ಸಾಕುತಾಯಿ ಮಾರ್ವಾ ಸತ್ತಾಗ ಅವಳದ್ದೂ ಒಂದು ಇಟ್ಟಿಗೆಯಾಗುತ್ತದೆ. ಶವಯಾತ್ರೆ ದಂಗೆಗೆ ತಿರುಗಿದ ಗಳಿಗೆಯಲ್ಲಿ ಗೆಳೆಯ ಬ್ರಾಸೋ ಅದೇ ಇಟ್ಟಿಗೆಯನ್ನು ಬೀಸಿ ಸಾಮ್ರಾಜ್ಯದ ಸಿಪಾಯಿಯ ತಲೆಗೆ ಅಪ್ಪಳಿಸುತ್ತಾನೆ. ಮುದುಕಿ ಸತ್ತ ಮೇಲೂ ಹೊಡೆದಳು.

ಇನ್ನು ಸ್ಕ್ರೂ. ಕ್ಯಾಸಿಯನ್ ಕೈದಿಯಾಗಿ ಸೇರಿದ ನಾರ್ಕಿನಾ 5 ಎಂಬ ಸೆರೆಮನೆಯಲ್ಲಿ ಮೇಜಿಗೆ ಏಳು ಜನ, ಕೋಣೆಗೆ ಏಳು ಮೇಜು, ಬರಿಗಾಲು, ಕೆಳಗೆ ವಿದ್ಯುತ್ ಹರಿಯುವ ನೆಲ. 12 ತಾಸಿನ ಪಾಳಿಯಲ್ಲಿ ಎಂಥದೋ ಯಂತ್ರಭಾಗ ಜೋಡಿಸುತ್ತ ಹೋಗಬೇಕು. ಹಿಂದೆ ಬಿದ್ದ ಮೇಜಿಗೆ ಶಾಕ್. ಮುಂದಿದ್ದ ಮೇಜಿಗೆ ಬಹುಮಾನವಾಗಿ ಸಪ್ಪೆ ಊಟಕ್ಕೆ ರುಚಿ. ಏನು ಮಾಡುತ್ತಿದ್ದೇವೆಂದು ಯಾರಿಗೂ ಗೊತ್ತಿಲ್ಲ. ಮೊದಲ ಸೀಸನ್ನಿನ ಕೊನೆಯಲ್ಲಿ, ಹೆಸರುಗಳೆಲ್ಲ ಉರುಳಿ ಹೋದ ಮೇಲೆ, ಆ ಭಾಗಗಳು ಎಲ್ಲಿ ಕೂತವೆಂದು ಕ್ಯಾಮೆರಾ ನಿಧಾನವಾಗಿ ಹಿಂದೆ ಸರಿದು ತೋರಿಸುತ್ತದೆ: ಡೆತ್ ಸ್ಟಾರ್‌ಗೆ. ಮುಂದೆ ಅದರ ನಕ್ಷೆ ಕದ್ದು ಸಾಯುವವನೇ ಅದರ ಬಿಡಿಭಾಗಗಳನ್ನೂ ಜೋಡಿಸಿಕೊಟ್ಟಿದ್ದ.

ಆದ್ದರಿಂದ ಇಟ್ಟಿಗೆಪಂಥದವನ ಆಕ್ಷೇಪ ಅಕ್ಷರಶಃ ಸತ್ಯ. ಈ ಸರಣಿ ಇಟ್ಟಿಗೆ ಮತ್ತು ಸ್ಕ್ರೂಗಳ ಕಥೆಯೇ. ಬಂಡಾಯ ಯಾವುದರಿಂದ ಕಟ್ಟಲ್ಪಟ್ಟಿತು, ಸಾಮ್ರಾಜ್ಯ ಯಾರ ಕೈಯಿಂದ ಜೋಡಣೆಯಾಯಿತು ಎಂಬುದೇ ಇದರ ವಿಷಯ. 1977ರ ಸಾಮ್ರಾಜ್ಯಕ್ಕೆ ಕಪ್ಪು ಶಿರಸ್ತ್ರಾಣದ ಒಬ್ಬ ಖಳನಿದ್ದ. ಡೆತ್ ಸ್ಟಾರ್‌ನ ಒಳಗೆ ಟಾರ್ಪಿಡೊ ಬಿಟ್ಟರೆ ಮುಗಿಯಿತು, ಮಕ್ಕಳು ನಿದ್ದೆ ಮಾಡಬಹುದಿತ್ತು. ‘ಆಂಡೋರ್’ನ ಸಾಮ್ರಾಜ್ಯ ಮೀಟಿಂಗು, ಟಾರ್ಗೆಟ್ಟು, ಬಡ್ತಿ, ವರದಿಗಳಿಂದಾದದ್ದು. ಕಡಲೂರಿನಲ್ಲಿ ಅಡ್ಡಾಡುತ್ತಿದ್ದ ಕ್ಯಾಸಿಯನ್‌ಗೆ ಆರು ವರ್ಷ ಶಿಕ್ಷೆ ವಿಧಿಸುವಾಗ ಅಲ್ಲಿನ ನ್ಯಾಯಾಧೀಶೆ ತಲೆಯನ್ನೂ ಸರಿಯಾಗಿ ಎತ್ತುವುದಿಲ್ಲ. ಇಂಥದ್ದನ್ನು ಕಂಡು ಬಂದವನಿಗೆ 1983ರ ಚಿತ್ರದಲ್ಲಿ ಕರಡಿಮರಿಯಂಥ ಈವಾಕ್‌ಗಳು ದಿಮ್ಮಿ ಉರುಳಿಸಿ ಅದೇ ಸೇನೆಯನ್ನು ಬಗ್ಗುಬಡಿಯುವುದು ನುಂಗಲಾರದ ತುತ್ತು. ಬಾಲ್ಯದಲ್ಲಿ ಕುಣಿದಾಡಿದ್ದ ದೃಶ್ಯ ಈಗ ಲೆಕ್ಕ ಕೇಳುತ್ತದೆ. ಅಭಿಮಾನಿ ವಾಪಸ್ ಬೇಡಿದ್ದು ತನ್ನ ಹತ್ತನೆಯ ವಯಸ್ಸನ್ನು. ಗಿಲ್ರಾಯ್ ಕೊಟ್ಟಿದ್ದು ಅವನ ಈಗಿನ ವಯಸ್ಸನ್ನು. ಸ್ಮೃತಿಯನ್ನು ನಮ್ಮ ತಾರ್ಕಿಕರು ಪ್ರಮಾಣಗಳ ಪಟ್ಟಿಗೆ ಸೇರಿಸದೆ ಇದ್ದದ್ದು ಇಂಥ ಅಭಿಮಾನಿಗಳನ್ನು ಮುಂಗಂಡೇ ಇರಬೇಕು.

ಪ್ರಾಯಶ್ಚಿತ್ತ ಮತ್ತು ಫಲಶ್ರುತಿ

ನೊಂದವನು ಶುಚಿರ್ಭೂತನಾಗಿ, ಫೋನು ದೂರವಿಟ್ಟು, 24ನೇ ಕಂತು ಮುಗಿದೊಡನೆ ‘ರೋಗ್ ಒನ್’ ನೋಡತಕ್ಕದ್ದು. ಅದರ ಬೆನ್ನಿಗೇ 1977ರ ಚಿತ್ರ. ಡೆತ್ ಸ್ಟಾರ್ ಸಿಡಿದಾಗ ಹಿಂದಿನಂತೆಯೇ ಚಪ್ಪಾಳೆ ತಟ್ಟತಕ್ಕದ್ದು. ಆ ಕಿಡಿಗಳಲ್ಲಿ ನಾರ್ಕಿನಾದ ಸ್ಕ್ರೂಗಳೆಷ್ಟು ಎಂಬ ಯೋಚನೆ ಬಂದರೆ ಪ್ರಾಯಶ್ಚಿತ್ತ ಫಲಿಸಿತೆಂದು ತಿಳಿಯತಕ್ಕದ್ದು.

ಈ ಮೀಮಾಂಸೆಯನ್ನು ಶ್ರದ್ಧೆಯಿಂದ ಪಠಿಸಿದವನಿಗೆ ಖಡ್ಗವಿಲ್ಲದ ಕಂತು ಸಹ್ಯವಾಗುವುದು. ಇಟ್ಟಿಗೆಯ ಭಯ ತೊಲಗುವುದು. ಯಾವ ಚಿತ್ರ ಮೊದಲು, ಯಾವುದು ಆಮೇಲೆ ನೋಡಬೇಕೆಂಬ ಗೃಹಕಲಹ ಶಮನವಾಗುವುದು. ‘ಇನ್ನು ಮುಂದೆ ಸ್ಟಾರ್ ವಾರ್ಸ್ ನೋಡಿದರೆ ಕೇಳಿ’ ಎಂದು ಶಪಥ ಮಾಡಿದವನ ಶಪಥ, ಮುಂದಿನ ಟ್ರೇಲರ್ ಬರುವವರೆಗೆ, ಭಂಗವಿಲ್ಲದೆ ನಿಲ್ಲುವುದು.