ಬೇಕಾಗಿದ್ದಾರೆ: ಸನ್ನಡತೆಯುಳ್ಳ ನೇಣುಗಾರರು

2019ರ ಫೆಬ್ರುವರಿಯಲ್ಲಿ ಶ್ರೀಲಂಕಾದ ಬಂದೀಖಾನೆ ಇಲಾಖೆ ಪತ್ರಿಕೆಗೆ ಒಂದು ಜಾಹೀರಾತು ಕೊಟ್ಟಿತು. ಇಬ್ಬರು ನೇಣುಗಾರರು ಬೇಕಾಗಿದ್ದಾರೆ. ಗಂಡಸರೇ ಆಗಿರಬೇಕು, ವಯಸ್ಸು 18ರಿಂದ 45, ಮನಸ್ಸು ಗಟ್ಟಿಯಿರಬೇಕು, ನಡತೆ ಅತ್ಯುತ್ತಮವಾಗಿರಬೇಕು. ಈ ಕೊನೆಯ ಷರತ್ತನ್ನು ನಾನು ಎರಡೆರಡು ಸಲ ಓದಿಕೊಂಡೆ. ಎಷ್ಟಾದರೂ ಬೌದ್ಧ ದೇಶ, ಕುಣಿಕೆ ಬಿಗಿಯುವವನಿಗೂ ಶೀಲ ಬೇಡವೇ? ಪಂಚಶೀಲದಲ್ಲಿ ಮೊದಲನೆಯದು ಪ್ರಾಣ ತೆಗೆಯಬಾರದು ಎಂಬುದು. ಅದೊಂದಕ್ಕೆ ಕಚೇರಿ ವೇಳೆಯಲ್ಲಿ ರಜೆ ಕೊಟ್ಟು ಉಳಿದ ನಾಲ್ಕನ್ನು ಚಾಚೂ ತಪ್ಪದೆ ಪಾಲಿಸುವ ಆಸಾಮಿ ಬೇಕಾಗಿದ್ದ. ನೂರಕ್ಕೂ ಹೆಚ್ಚು ಅರ್ಜಿಗಳು ಬಂದವು.

ಅದಕ್ಕೆ ಮೊದಲು, 2014ರಲ್ಲಿ, ಅದೇ ಕೆಲಸಕ್ಕೆ ಸೇರಿದವನೊಬ್ಬ ನೇಣುಗಂಬವನ್ನು ಕಣ್ಣಾರೆ ಕಂಡದ್ದೇ ಗಾಬರಿಬಿದ್ದು ರಾಜೀನಾಮೆ ಕೊಟ್ಟು ಮನೆಗೆ ಹೋಗಿದ್ದ. ಈ ಇಡೀ ಕತೆಯಲ್ಲಿ ಬುದ್ಧನ ಮಾತು ಕಿವಿಗೆ ಬಿದ್ದದ್ದು ಅವನೊಬ್ಬನಿಗೇ ಇರಬೇಕು.

1976ರಿಂದ ಆ ದೇಶದಲ್ಲಿ ಯಾರನ್ನೂ ನೇಣಿಗೆ ಹಾಕಿರಲಿಲ್ಲ. ಈಗೇನು ಅವಸರ ಬಂತು? ಅಧ್ಯಕ್ಷ ಮೈತ್ರಿಪಾಲ ಸಿರಿಸೇನ ಜನವರಿಯಲ್ಲಷ್ಟೇ ಫಿಲಿಪ್ಪೀನ್ಸಿಗೆ ಹೋಗಿ, ಅಲ್ಲಿನ ಆಗಿನ ಅಧ್ಯಕ್ಷ ಡುಟೆರ್ಟೆಯ ಮಾದಕವಸ್ತು ಸಮರವನ್ನು ನೋಡಿ, ಲೋಕಕ್ಕೇ ಮಾದರಿ ಎಂದು ಹೊಗಳಿ ಬಂದಿದ್ದರು. ಫಿಲಿಪ್ಪೀನ್ಸ್ ಕ್ಯಾಥೊಲಿಕರ ದೇಶ. ಅಲ್ಲಿ 2006ರಲ್ಲೇ ಮರಣದಂಡನೆ ರದ್ದಾಗಿದೆ, ಆದ್ದರಿಂದ ಪೊಲೀಸರು ಬೀದಿಯಲ್ಲೇ ಗುಂಡು ಹೊಡೆಯುತ್ತಿದ್ದರು. ಸರ್ವಧರ್ಮ ಸಮ್ಮೇಳನಗಳಿಂದ ಏನೂ ಪ್ರಯೋಜನವಿಲ್ಲ ಎನ್ನುವವರು ಇದನ್ನು ಗಮನಿಸಬೇಕು. ಒಂದು ಧರ್ಮ ಇನ್ನೊಂದರಿಂದ ಕಲಿಯುವುದು ಬಹಳವಿದೆ.

ಲಂಕೆಯಲ್ಲಿ ಈ ಕೊಡುಕೊಳ್ಳುವಿಕೆ ಹಳೆಯದು. 1956ರಲ್ಲಿ ಭಿಕ್ಷುಗಳು ಬೀದಿಗಿಳಿದು ಗೆಲ್ಲಿಸಿದ ಪ್ರಧಾನಿಯ ಹೆಸರು ಸಾಲೊಮನ್ ವೆಸ್ಟ್ ರಿಜ್‌ವೇ ಡಯಾಸ್ ಬಂಡಾರನಾಯಕೆ. ಹೆಸರೇ ಸಾರುವಂತೆ ಹುಟ್ಟಿದ್ದು ಆಂಗ್ಲಿಕನ್ ಕ್ರೈಸ್ತರ ಮನೆಯಲ್ಲಿ, ಬೆಳೆದ ಮೇಲೆ ಬೌದ್ಧರಾದರು. ಅವರ ಸರಕಾರ ಗಲ್ಲುಶಿಕ್ಷೆಯನ್ನು ಅಮಾನತಿನಲ್ಲಿಟ್ಟಿತು. 1959ರ ಸೆಪ್ಟೆಂಬರ್ 25ರ ಬೆಳಿಗ್ಗೆ ಕೊಲಂಬೊದ ಅವರ ಮನೆಯ ಜಗಲಿಯಲ್ಲಿ ತಲ್ದುವೆ ಸೋಮರಾಮ ಎಂಬ ಭಿಕ್ಷು ಕಾದು ಕೂತಿದ್ದ. ಕಸುಬಿನಲ್ಲಿ ಕಣ್ಣಿನ ವೈದ್ಯ. ಪ್ರಧಾನಿ ಬಂದು ಕೈಮುಗಿದರು, ಭಿಕ್ಷು ಚೀವರದೊಳಗಿಂದ ರಿವಾಲ್ವರ್ ತೆಗೆದ. ಮರುದಿನ ಪ್ರಧಾನಿ ತೀರಿಕೊಂಡರು. ಅದಕ್ಕೆ ಮುನ್ನ ಆಸ್ಪತ್ರೆಯ ಹಾಸಿಗೆಯಿಂದಲೇ, ತನ್ನನ್ನು ಹೊಡೆದ ಆ ಮೂಢನ ಮೇಲೆ ಕರುಣೆಯಿರಲಿ, ಸೇಡು ಬೇಡ ಎಂದು ಹೇಳಿ ಕಳಿಸಿದರು.

ಸರಕಾರ ಆ ಕೊನೆಯ ಆಸೆಯನ್ನು ನಡೆಸಿಕೊಟ್ಟ ರೀತಿ ನೋಡಿ. ಅಟ್ಟದ ಮೇಲಿಟ್ಟಿದ್ದ ಹಗ್ಗವನ್ನು ಆ ವರ್ಷವೇ ಕೆಳಗಿಳಿಸಿತು. ಸಾಲದ್ದಕ್ಕೆ, ಆಗಲೇ ನಡೆದುಹೋಗಿದ್ದ ಈ ಕೊಲೆಗೂ ತಗಲುವಂತೆ ಕಾನೂನನ್ನು ಹಿಂದಕ್ಕೆ ಎಳೆದು ಕಟ್ಟಿತು.

1962ರ ಜುಲೈ 6ರಂದು ಸೋಮರಾಮನನ್ನು ನೇಣಿಗೆ ಹಾಕಿದರು. ಅಷ್ಟರಲ್ಲಿ ಅವನು ಚೀವರ ಕಳಚಿಟ್ಟು, ಜೈಲಿನ ಕೋಣೆಯಲ್ಲೇ ಆಂಗ್ಲಿಕನ್ ಪಾದ್ರಿಯೊಬ್ಬರಿಂದ ದೀಕ್ಷಾಸ್ನಾನ ಪಡೆದಿದ್ದ. ಸತ್ತವರು ಕ್ರೈಸ್ತರಾಗಿ ಹುಟ್ಟಿ ಬೌದ್ಧರಾಗಿ ಹೋದರು, ಕೊಂದವನು ಭಿಕ್ಷುವಾಗಿದ್ದು ಕ್ರೈಸ್ತನಾಗಿ ಹೋದ. ಜನಗಣತಿಯವರಿಗೆ ತೊಂದರೆಯಾಗಲಿಲ್ಲ.

ಸೋಮರಾಮ ಯಾಕೆ ಮತ ಬದಲಿಸಿದ ಎಂಬುದು ನನ್ನನ್ನು ಬಹಳ ದಿನ ಕಾಡಿದೆ. ಬೌದ್ಧರ ಲೆಕ್ಕದಲ್ಲಿ ಪಾಪ ಮನ್ನಾ ಮಾಡುವ ಮೇಲಧಿಕಾರಿಯೇ ಇಲ್ಲ. ಮಾಡಿದ್ದುಣ್ಣೋ ಮಹಾರಾಯ. ಅಂಗುಲಿಮಾಲನ ಕತೆಯನ್ನು ನಾವು ಶಾಲೆಯಲ್ಲಿ ಅರ್ಧಕ್ಕೇ ನಿಲ್ಲಿಸುತ್ತೇವೆ: ದರೋಡೆಕೋರ ಶರಣಾದ, ಹಿಡಿಯಲು ಐನೂರು ಸವಾರರೊಡನೆ ಬಂದ ಪ್ರಸೇನಜಿತ ರಾಜ ಕೈಮುಗಿದು ಹಿಂತಿರುಗಿದ, ಶುಭಂ. ಆಮೇಲೆ ಅವನು ಶ್ರಾವಸ್ತಿಗೆ ಭಿಕ್ಷೆಗೆ ಹೋದಾಗ ಕಲ್ಲೇಟು ತಿಂದು, ತಲೆ ಒಡೆದುಕೊಂಡು, ಹರಿದ ಬಟ್ಟೆಯಲ್ಲಿ ವಾಪಸು ಬಂದ. ಸಹಿಸಿಕೋ, ಇದು ನಿನ್ನ ಕರ್ಮದ ಫಲ ಎಂದ ಬುದ್ಧ. ವಿನಯಪಿಟಕದಲ್ಲಿ ಇನ್ನೂ ಒಂದು ಸಂಗತಿಯಿದೆ. ಜನ ಗೊಣಗಿದ್ದರಿಂದ ಮುಂದೆ ಇಂಥ ಹೆಸರಾಂತ ಕಳ್ಳರನ್ನು ಸಂಘಕ್ಕೆ ಸೇರಿಸಿಕೊಳ್ಳಬಾರದೆಂದು ನಿಯಮವಾಯಿತು. ಅದರ ಬೆನ್ನಿಗೇ ಜೈಲು ಮುರಿದವರು, ಛಡಿಯೇಟು ತಿಂದವರು, ಸಾಲಗಾರರು, ದಾಸರು, ಎಲ್ಲರಿಗೂ ಬಾಗಿಲು ಮುಚ್ಚಿತು. ಬೆರಳ ಮಾಲೆ ಹಾಕಿಕೊಂಡವನಿಗೆ ತೆರೆದ ಬಾಗಿಲು ಸಾಲ ಮಾಡಿದವನಿಗೆ ತೆರೆಯಲಿಲ್ಲ.

ಕ್ರೈಸ್ತರಲ್ಲಿ ಕ್ಷಮಿಸುವವನೊಬ್ಬ ಮೇಲಿದ್ದಾನೆ. ಆದರೆ ಲೂಕನ ಸುವಾರ್ತೆಯನ್ನು ಒಮ್ಮೆ ಸಾವಧಾನವಾಗಿ ಓದಿ. ಪಕ್ಕದ ಶಿಲುಬೆಯ ಮೇಲಿದ್ದ ಅಪರಾಧಿಗೆ ಯೇಸು ಆ ದಿನವೇ ಸ್ವರ್ಗದ ಮಾತು ಕೊಟ್ಟ. ಶಿಲುಬೆಯಿಂದ ಇಳಿಸುವ ಮಾತು ಬರಲೇ ಇಲ್ಲ. ಸೋಮರಾಮನಿಗೆ ಸಿಕ್ಕ ಕ್ಷಮೆಯೂ ಇದೇ ನಮೂನೆಯದು, ಕತ್ತಿನಿಂದ ಮೇಲಕ್ಕೆ ಮಾತ್ರ ಅನ್ವಯ.

ಕತ್ತು ಉಳಿದದ್ದು ಬೇರೆಯವರದು. ಸಂಚಿನ ರೂವಾರಿ ಎಂದು ಸಾಬೀತಾದವನು ಕೆಲನಿಯ ವಿಹಾರದ ಮುಖ್ಯಸ್ಥ ಮಾಪಿಟಿಗಮ ಬುದ್ಧರಕ್ಖಿತ. ಅವನಿಗೂ ಅವನ ಜೊತೆಗಾರನಿಗೂ ಗಲ್ಲಾಗಿತ್ತು. ಮೇಲ್ಮನವಿಯಲ್ಲಿ ನೋಡಿದರೆ, ಅವಸರದಲ್ಲಿ ಬರೆದ ಕಾನೂನು ಕೊಲೆಯನ್ನು ಹೇಳಿತ್ತು, ಕೊಲೆಯ ಸಂಚನ್ನು ಸ್ಪಷ್ಟವಾಗಿ ಹೇಳಿರಲಿಲ್ಲ! ಗಲ್ಲು ಹೋಗಿ ಜೀವಾವಧಿಯಾಯಿತು. ಬುದ್ಧನ ಧಮ್ಮ, ಯೇಸುವಿನ ನೀರು ಎರಡರಿಂದಲೂ ಆಗದ ಕೆಲಸವನ್ನು ಕರಡು ಬರೆದ ಗುಮಾಸ್ತನ ಕೈತಪ್ಪು ಮಾಡಿತು.

ಅಕ್ಷರ ಕತ್ತು ಉಳಿಸುವುದು ಹೊಸದಲ್ಲ. ಇಂಗ್ಲೆಂಡಿನಲ್ಲಿ ಕೊಲೆಗಾರನೊಬ್ಬ ಬೈಬಲ್ಲಿನ 51ನೆಯ ಕೀರ್ತನೆಯ ಸಾಲೊಂದನ್ನು ಕೋರ್ಟಿನಲ್ಲಿ ಓದಿ ತೋರಿಸಿದರೆ ಪಾದ್ರಿಗಳ ಲೆಕ್ಕಕ್ಕೆ ಸೇರಿ ನೇಣಿನಿಂದ ಪಾರಾಗಬಹುದಿತ್ತು. ನಾಟಕಕಾರ ಬೆನ್ ಜಾನ್ಸನ್ 1598ರಲ್ಲಿ ನಟನೊಬ್ಬನನ್ನು ಕೊಂದು ಹೆಬ್ಬೆರಳ ಮೇಲೆ ಬರೆ ಹಾಕಿಸಿಕೊಂಡು ಮನೆಗೆ ಬಂದ. ಓದು ಬಾರದವರು ಪದ್ಯವನ್ನು ಬಾಯಿಪಾಠ ಮಾಡುತ್ತಿದ್ದರು. ಅದೂ ಬಾರದವರು ನೇತಾಡುತ್ತಿದ್ದರು. 1810ರಲ್ಲಿ, ಅಂಗಡಿಯಲ್ಲಿ ಐದು ಷಿಲ್ಲಿಂಗಿನ ಮಾಲು ಕದ್ದವನಿಗೆ ಗಲ್ಲು ಬೇಡ ಎಂಬ ಮಸೂದೆ ಲಾರ್ಡ್ಸ್ ಸಭೆಗೆ ಬಂದಾಗ ಏಳು ಮಂದಿ ಬಿಷಪ್ಪರು ವಿರುದ್ಧ ಮತ ಹಾಕಿದರು. ಕ್ಯಾಂಟರ್ಬರಿಯ ಆರ್ಚ್‌ಬಿಷಪ್ ಅವರಲ್ಲೊಬ್ಬರು. ಪುರಾಣ ಹೇಳೋಕೆ, ಬದನೆಕಾಯಿ ತಿನ್ನೋಕೆ.

ಬೌದ್ಧರು ಇಷ್ಟು ಒರಟಲ್ಲ, ನಾಜೂಕಿನವರು. ಹಳೆಯ ಪಾಲಿ ಸಂವಾದವೊಂದರಲ್ಲಿ, ಕಳ್ಳನನ್ನು ಕೊಂದರೆ ಅದು ಬುದ್ಧನ ಅಪ್ಪಣೆಯಿಂದಲೇ ಏನು ಎಂದು ಮಿಲಿಂದ ರಾಜ ಕೇಳುತ್ತಾನೆ. ಅಲ್ಲ, ಅವನು ತಾನು ಮಾಡಿದ ಕೆಲಸದಿಂದಲೇ ಸಾಯುತ್ತಾನೆ ಎನ್ನುತ್ತಾನೆ ಭಿಕ್ಷು ನಾಗಸೇನ. ಥಾಯ್ಲೆಂಡಿನ ಜೈಲಿನಲ್ಲಿ 2003ರವರೆಗೆ ಈ ತತ್ತ್ವಕ್ಕೆ ಬಟ್ಟೆಯ ರೂಪವಿತ್ತು. ಕೈದಿಯ ಕೈಗಳನ್ನು ನಮಸ್ಕಾರದ ಭಂಗಿಯಲ್ಲಿ ಕಟ್ಟಿ, ಅವುಗಳಲ್ಲಿ ಹೂವಿಟ್ಟು, ಹಿಂದೆ ಒಂದು ಪರದೆ ಎಳೆಯುತ್ತಿದ್ದರು. ಬಂದೂಕಿನವನು ಗುಂಡು ಹಾರಿಸುತ್ತಿದ್ದದ್ದು ಪರದೆಯ ಮೇಲಿನ ಗುರುತಿಗೆ. ಅದರ ಆಚೆ ಯಾರಾದರೂ ನಿಂತಿದ್ದರೆ ಅದು ಅವರವರ ಕರ್ಮ. ಹಾವು ಸಾಯಬೇಕು, ಕೋಲಿಗೆ ಗೊತ್ತಾಗಬಾರದು.

ಮತ್ತೆ ಸಿರಿಸೇನರ ಹತ್ತಿರ ಬರೋಣ. 2019ರ ಜೂನ್‌ನಲ್ಲಿ ನಾಲ್ವರು ಮಾದಕವಸ್ತು ಕೈದಿಗಳ ಮರಣಾದೇಶಕ್ಕೆ ಸಹಿ ಹಾಕಿದ್ದರು, ಸುಪ್ರೀಂ ಕೋರ್ಟ್ ತಡೆ ಕೊಟ್ಟಿತು. ಕರುಣೆ ಅವರಲ್ಲಿ ಇರಲೇ ಇಲ್ಲ ಎಂದರೆ ತಪ್ಪಾದೀತು. ಅದೇ ವರ್ಷದ ನವೆಂಬರ್‌ನಲ್ಲಿ, ಕುರ್ಚಿ ಬಿಡಲು ಕೆಲವೇ ದಿನ ಬಾಕಿಯಿರುವಾಗ, ಒಬ್ಬ ಕೈದಿಗೆ ಪೂರ್ಣ ಕ್ಷಮಾದಾನ ಕೊಟ್ಟರು. 2005ರಲ್ಲಿ ಹದಿಹರೆಯದ ಹುಡುಗಿಯೊಬ್ಬಳನ್ನು ಕೊಂದು ಮರಣದಂಡನೆಗೆ ಗುರಿಯಾಗಿದ್ದವನು, ಸಿರಿವಂತರ ಮನೆಯವನು. 2024ರಲ್ಲಿ ಸುಪ್ರೀಂ ಕೋರ್ಟ್ ಆ ಕ್ಷಮೆಯನ್ನು ರದ್ದು ಮಾಡಿ, ಅವನನ್ನು ವಾಪಸು ಕರೆತನ್ನಿ ಎಂದು ಹೇಳಿತು. ಅವನು ಆಗಲೇ ದೇಶ ಬಿಟ್ಟಿದ್ದ.