ತಾಳೆಶಾಸ್ತ್ರ ಪ್ರವೇಶಿಕೆ: ಕೋಲಾರ ಸೀಮೆಯ ಬಿ.ಕಾಂ. ವಿಚಾರ

1. ಲಕ್ಷಣ

ಎರಡು ಕಡೆಯ ಮೊತ್ತ ಒಂದೇ ಆಗಲೇಬೇಕೆಂಬ ಹಟಕ್ಕೆ ಲೆಕ್ಕಶಾಸ್ತ್ರವೆಂದು ಹೆಸರು. ಈ ಹಟವನ್ನು ಆರು ಸೆಮಿಸ್ಟರ್ ಸಾಧಿಸಿದವರಿಗೆ ಸಲ್ಲುವ ಬಿರುದು ಬಿ.ಕಾಂ. ಕೋಲಾರ, ಮಾಲೂರು, ಮುಳಬಾಗಿಲು, ಶ್ರೀನಿವಾಸಪುರ ತಾಲ್ಲೂಕುಗಳಲ್ಲಿ ಇದನ್ನು ದಯಪಾಲಿಸುವುದು ಬೆಂಗಳೂರು ಉತ್ತರ ವಿಶ್ವವಿದ್ಯಾಲಯ. 1964ರಲ್ಲಿ ಹುಟ್ಟಿದ ಬೆಂಗಳೂರು ವಿಶ್ವವಿದ್ಯಾಲಯ ಮೂರು ಪಾಲಾದಾಗ ಒಂದು ಪಾಲು 2017ರಲ್ಲಿ ಕೋಲಾರದ ಟಮಕದಲ್ಲಿ ಕಚೇರಿ ತೆರೆಯಿತು. ಹೆಸರು ಬೆಂಗಳೂರಿನದು, ವಿಳಾಸ ಕೋಲಾರದ್ದು. ಒಂದೇ ವ್ಯವಹಾರವನ್ನು ಎರಡು ಖಾತೆಗಳಲ್ಲಿ ಬರೆಯುವ ಜೋಡಿ ನಮೂದು ಪದ್ಧತಿಗೆ ಇಷ್ಟು ಸ್ಪಷ್ಟವಾದ ಉದಾಹರಣೆ ಪಠ್ಯಪುಸ್ತಕಗಳಲ್ಲಿಯೂ ದೊರೆಯದು.

2. ಪೂರ್ವಚರಿತ್ರೆ

ಜೋಡಿ ನಮೂದನ್ನು ಮೊದಲು ಅಚ್ಚಿನಲ್ಲಿ ವಿವರಿಸಿದವನು ಲೂಕಾ ಪಾಚೋಲಿ ಎಂಬ ಇಟಲಿಯ ಸನ್ಯಾಸಿ. ವರ್ಷ 1494, ಊರು ವೆನಿಸ್. ಮನೆಮಠ ಬಿಟ್ಟವನೇ ಲಾಭನಷ್ಟದ ವಿಚಾರ ಬರೆದನೆಂಬುದು ಈ ಶಾಸ್ತ್ರದ ಮೊದಲ ಹೊಂದಾಣಿಕೆ ನಮೂದು. ನಮ್ಮ ಕಡೆ ಶಾನುಭೋಗರು ಲೆಕ್ಕವನ್ನು ಕಡತದಲ್ಲಿ ಇಡುತ್ತಿದ್ದರು. ಬಟ್ಟೆಗೆ ಹುಣಸೆಬೀಜದ ಸರಿ, ಇದ್ದಿಲು ಬಳಿದು ಒಣಗಿಸಿ, ಮಡಿಸಿ, ಬಳಪದಲ್ಲಿ ಬರೆಯುವುದು ಕ್ರಮ. ಬರೆದದ್ದನ್ನು ಒರೆಸಿ ಮತ್ತೆ ಬರೆಯಬಹುದಾಗಿತ್ತು. ಇಂದಿನ ವಿದ್ಯಾರ್ಥಿ ಆರು ಅಂಕದ ತಪ್ಪುತಿದ್ದುಪಡಿ ಪ್ರಶ್ನೆಯಾಗಿ ಓದುವುದನ್ನು ಅಂದಿನವರು ಅಂಗೈಯಲ್ಲಿ ಮುಗಿಸುತ್ತಿದ್ದರು.

3. ಮೂಲಸೂತ್ರಗಳು

ಸೂತ್ರಗಳು ಮೂರು. ವೈಯಕ್ತಿಕ ಖಾತೆಯಲ್ಲಿ ಪಡೆದವನಿಗೆ ಡೆಬಿಟ್, ಕೊಟ್ಟವನಿಗೆ ಕ್ರೆಡಿಟ್. ವಾಸ್ತವ ಖಾತೆಯಲ್ಲಿ ಒಳಬಂದದ್ದಕ್ಕೆ ಡೆಬಿಟ್, ಹೊರಹೋದದ್ದಕ್ಕೆ ಕ್ರೆಡಿಟ್. ನಾಮಮಾತ್ರ ಖಾತೆಯಲ್ಲಿ ಖರ್ಚು, ನಷ್ಟಕ್ಕೆ ಡೆಬಿಟ್. ಆದಾಯ, ಲಾಭಕ್ಕೆ ಕ್ರೆಡಿಟ್.

ಮೊದಲ ಸೂತ್ರಕ್ಕೆ ಸೀಮೆಯ ಭಾಷೆ ತೊಡಕು ತರುತ್ತದೆ. ಮುಳಬಾಗಿಲು, ಶ್ರೀನಿವಾಸಪುರಗಳ ಅನೇಕ ಮನೆಗಳ ಮಾತು ತೆಲುಗು, ಶಾಲೆಯದು ಕನ್ನಡ, ಉತ್ತರಪತ್ರಿಕೆಯದು ಬಹುಮಟ್ಟಿಗೆ ಇಂಗ್ಲಿಷ್. ತೆಲುಗಿನಲ್ಲಿ ‘ಅಪ್ಪು’ ಎಂದರೆ ಸಾಲ; ಕನ್ನಡದಲ್ಲಿ ತಬ್ಬಿಕೊಳ್ಳುವುದು, ಇಲ್ಲವೇ ಪುನೀತ್ ರಾಜ್‌ಕುಮಾರ್. ಹೀಗೆ ಸಾಲಕ್ಕೂ ಆಲಿಂಗನಕ್ಕೂ ಭೇದವರಿಯದೆ ಬೆಳೆದ ಮಗುವಿಗೆ ಸಾಲಿಗರ ಖಾತೆಯನ್ನು ಕಲಿಸುವುದು ಕಷ್ಟ. ಸಾಲ ವಸೂಲಿಯನ್ನು ಕಲಿಸುವುದಂತೂ ಅಸಾಧ್ಯ.

ಎರಡನೆಯ ಸೂತ್ರಕ್ಕೆ ಶುದ್ಧ ನಿದರ್ಶನ ಕೋಲಾರಮ್ಮನ ಗುಡಿಯಲ್ಲಿದೆ. ಅಲ್ಲಿ ಚೇಳಮ್ಮನ ಸನ್ನಿಧಿಯಲ್ಲಿ ನೆಲದೊಳಗೊಂದು ಹುಂಡಿ. ಹಾಕಿದ ಕಾಣಿಕೆಯನ್ನು ಹೊರತೆಗೆಯುವುದಿಲ್ಲವೆಂದು ಜನರ ನಂಬಿಕೆ. ನಂಬಿಕೆ ನಿಜವಾದರೆ, ಡೆಬಿಟ್ ಮಾತ್ರವಿದ್ದು ಕ್ರೆಡಿಟ್ಟೇ ಇಲ್ಲದ ಖಾತೆ ಜಗತ್ತಿನಲ್ಲಿ ಇದೊಂದೇ. ಆಡಿಟರುಗಳು ಇದನ್ನು ಪ್ರಶ್ನಿಸದಿರುವುದಕ್ಕೆ ಭಕ್ತಿ ಒಂದು ಕಾರಣ, ಚೇಳು ಇನ್ನೊಂದು.

4. ತಾಲ್ಲೂಕುವಾರು ಪ್ರಭೇದಗಳು

ಮಾಲೂರಿನ ವಿದ್ಯಾರ್ಥಿ ಸವಕಳಿಯಲ್ಲಿ ಪ್ರವೀಣ. ಹೆಂಚು, ಇಟ್ಟಿಗೆಗಳ ಊರಿನಲ್ಲಿ ಬೆಳೆದವನಿಗೆ ಗೂಡು ಬಿಸಿಯಾಗಿದ್ದರೂ ಆಸ್ತಿ ಸವೆಯುತ್ತದೆ, ತಣ್ಣಗಾದರೂ ಸವೆಯುತ್ತದೆ ಎಂಬುದು ಗೊತ್ತು. ಊರಿಗೆ ಬೆಂಗಳೂರಿನ ರೈಲಿರುವುದರಿಂದ ಈತನ ಅರ್ಧ ವಿದ್ಯಾಭ್ಯಾಸ ಬೋಗಿಯ ಬಾಗಿಲಲ್ಲಿ ನಡೆಯುತ್ತದೆ.

ಶ್ರೀನಿವಾಸಪುರದವನ ಪಾಂಡಿತ್ಯ ಮುಂಗಡ ಆದಾಯದಲ್ಲಿ. ಮಾವಿನ ಫಸಲು ಕೈಗೆ ಬರುವ ಮೊದಲೇ ತೋಟವನ್ನು ಗುತ್ತಿಗೆಗೆ ಕೊಟ್ಟು ಹಣ ಪಡೆಯುವುದು ಅಲ್ಲಿ ರೂಢಿ. ಗಳಿಸುವ ಮೊದಲು ಬಂದ ಹಣ ಆದಾಯವಲ್ಲ, ಹೊಣೆ ಎನ್ನುತ್ತದೆ ಶಾಸ್ತ್ರ. ಅಕ್ಕನ ಮದುವೆಗೆ ಮುಗಿದುಹೋದ ಹಣ ಯಾವ ಕಡೆ ಎಂಬುದಕ್ಕೆ ಶಾಸ್ತ್ರ ಬಾಯಿ ಬಿಡುವುದಿಲ್ಲ.

ಮುಳಬಾಗಿಲಿನವನು ವೈಯಕ್ತಿಕ ಖಾತೆಯನ್ನು ದೋಸೆ ಹೋಟೆಲಿನಲ್ಲಿ ‘ಬರ್ಕೊಳ್ಳಣ್ಣಾ’ ಎನ್ನುವ ಪ್ರಯೋಗದಿಂದ ಕಲಿಯುತ್ತಾನೆ. ಸೆಮಿಸ್ಟರಿನ ಹಿಂದಿನ ದಿನ ಕುರುಡುಮಲೆ ಗಣಪನಿಗೆ ಕೈಮುಗಿಯುವುದನ್ನು ಆತ ಸಂದೇಹಾಸ್ಪದ ಸಾಲಗಳ ಮೀಸಲೆಂದು ಪರಿಗಣಿಸುತ್ತಾನೆ.

ಕೋಲಾರದವನಿಗೆ ಸಹಜವಾಗಿ ಒಲಿದದ್ದು ದಾಸ್ತಾನಿನ ಮೌಲ್ಯಮಾಪನ. ಕೊಂಡ ಬೆಲೆ, ಮಾರುಕಟ್ಟೆ ಬೆಲೆ ಇವೆರಡರಲ್ಲಿ ಕಡಿಮೆಯದನ್ನು ಹಿಡಿಯಬೇಕೆಂಬುದು ನಿಯಮ. 2023ರ ಜುಲೈನಲ್ಲಿ 15 ಕಿಲೋ ಟೊಮೆಟೊ ಬಾಕ್ಸು 2000 ರೂಪಾಯಿ ದಾಟಿದ್ದನ್ನೂ, ಬೇರೆ ವರ್ಷಗಳಲ್ಲಿ ಅದೇ ಹಣ್ಣನ್ನು ರಸ್ತೆಗೆ ಸುರಿದದ್ದನ್ನೂ ಕಂಡವನಿಗೆ ‘ಕಡಿಮೆ’ ಎಂದರೆ ಎಷ್ಟು ಕಡಿಮೆ ಎಂದು ಯಾರೂ ಹೇಳಿಕೊಡಬೇಕಿಲ್ಲ.

5. ಪರೀಕ್ಷಾ ಪ್ರಕರಣ

ತಾಳೆಪಟ್ಟಿಯ ಎಡಬಲ ಕೂಡಿದಾಗ 1,500 ರೂಪಾಯಿ ವ್ಯತ್ಯಾಸ ಬಂದರೆ ಅದನ್ನು ಎರಡರಿಂದ ಭಾಗಿಸಿ, ಬಂದ 750ನ್ನು ತಪ್ಪು ಕಡೆ ಬರೆದಿದೆಯೇ ಎಂದು ಹುಡುಕಬೇಕು. ಸಿಗದಿದ್ದರೆ ಸಸ್ಪೆನ್ಸ್ ಅಕೌಂಟ್ ತೆರೆಯಬೇಕು. ಅಷ್ಟರಲ್ಲಿ ಕೊನೆಯ ಗಂಟೆ ಹೊಡೆದರೆ ಪಕ್ಕದ ಬೆಂಚಿನ ಮೊತ್ತವನ್ನು ತನ್ನದೆಂದು ಬರೆಯುವುದು ಲೋಕರೂಢಿ. ಪಕ್ಕದವನದೂ ತಪ್ಪಾಗಿದ್ದರೆ ಇಬ್ಬರದೂ ಪರಸ್ಪರ ತಾಳೆಯಾಗುತ್ತದೆ.

ಪದವಿಯ ಅವಧಿಯೂ ಇಂಥದೇ ತಿದ್ದುಪಡಿಗೆ ಒಳಗಾಗಿದೆ. 2021ರಲ್ಲಿ ರಾಷ್ಟ್ರೀಯ ಶಿಕ್ಷಣ ನೀತಿಯೊಂದಿಗೆ ನಾಲ್ಕನೆಯ ವರ್ಷವೊಂದು ಕಾಣಿಸಿಕೊಂಡಿತು. 2024ರಲ್ಲಿ ರಾಜ್ಯ ಮೂರು ವರ್ಷಕ್ಕೇ ಮರಳಿತು. ಹಾಕಿದ್ದನ್ನು ಎದುರು ಕಡೆ ಬರೆದು ರದ್ದುಮಾಡುವ ಇದಕ್ಕೆ ಶಾಸ್ತ್ರದಲ್ಲಿ ವಿಲೋಮ ನಮೂದು ಎನ್ನುತ್ತಾರೆ.

6. ಫಲಶ್ರುತಿ

ಪದವೀಧರನನ್ನು ನರಸಾಪುರದ ಕೈಗಾರಿಕಾ ಪ್ರದೇಶದಲ್ಲಾಗಲಿ ಬೆಂಗಳೂರಿನ ಆಡಿಟರ್ ಆಫೀಸಿನಲ್ಲಾಗಲಿ ಪಾಚೋಲಿಯ ಬಗ್ಗೆ ಯಾರೂ ಕೇಳುವುದಿಲ್ಲ. ಪ್ರಶ್ನೆ ಒಂದೇ: ‘ಟ್ಯಾಲಿ ಬರುತ್ತಾ?’ ಬೆಂಗಳೂರಿನಲ್ಲೇ ಬೆಳೆದ ಈ ಸಾಫ್ಟ್‌ವೇರಿನ ಹೆಸರು ಕನ್ನಡದ ‘ತಾಳೆ’ಯಿಂದ ಬಂದಿತೆಂದು ವಾದಿಸಲು ಯಾವ ಆಧಾರವೂ ಇಲ್ಲವಾದ್ದರಿಂದ, ವಾದ ಬಹಳ ಗಟ್ಟಿಯಾಗಿದೆ. ಮೂರು ವರ್ಷ ಕಾಲೇಜಿನಲ್ಲಿ ಕಲಿತದ್ದನ್ನು ಮೂರು ತಿಂಗಳು ಬಸ್‌ಸ್ಟ್ಯಾಂಡಿನ ಎದುರಿನ ಕಂಪ್ಯೂಟರ್ ಸೆಂಟರಿನಲ್ಲಿ ಕಲಿತಾಗ ವಿದ್ಯೆ ಪೂರ್ಣ.

7. ಪ್ರಯೋಗ

ಅಭ್ಯಾಸಕ್ಕಾಗಿ ಮಂಡಿಯ ಒಂದು ಮಾದರಿ ಪಟ್ಟಿ. ಟೊಮೆಟೊ 40 ಬಾಕ್ಸು, ದರ 150, ಒಟ್ಟು 6,000. ಕಮಿಷನ್ 600, ಹಮಾಲಿ 120, ಟೆಂಪೋ 800, ಮುಂಗಡ ವಜಾ 4,000. ಕೈಗೆ 480. ಮೊತ್ತ ತಾಳೆಯಾಗಿದೆ. ರೈತ ಮಡಿಸಿಟ್ಟ ಪಟ್ಟಿಯನ್ನು ಜೇಬಿನಿಂದ ತೆಗೆದು, ಬಿ.ಕಾಂ. ಓದುವ ಮಗನಿಗೆ ನೋಡಲು ಕೊಡುತ್ತಾನೆ. ಮಗ ಎಲ್ಲವನ್ನೂ ಸೂತ್ರಗಳ ಪ್ರಕಾರ ವಿಂಗಡಿಸಿ ಒಂದು ಸಾಲಿನಲ್ಲಿ ನಿಲ್ಲುತ್ತಾನೆ.

‘ಅಪ್ಪಾ, ಈ ಮುಂಗಡ ಯಾವುದು?’

‘ನಿನ್ನ ಫೀಸು ಕಣೋ.’

ಇದನ್ನು ಬಂಡವಾಳ ವೆಚ್ಚವೆನ್ನಬೇಕೋ ರಾಜಸ್ವ ವೆಚ್ಚವೆನ್ನಬೇಕೋ ಎಂಬಲ್ಲಿ ಎರಡು ಪಂಥಗಳಿವೆ. ಹಲವು ವರ್ಷ ಫಲ ಕೊಡುವುದು ಬಂಡವಾಳ, ಆ ವರ್ಷಕ್ಕೇ ತೀರಿಹೋಗುವುದು ರಾಜಸ್ವ. ಅಪ್ಪ ಮೊದಲ ಪಂಥದವನು. ಮಗ ಸದ್ಯಕ್ಕೆ 4,000 ರೂಪಾಯಿಯನ್ನು ಸಸ್ಪೆನ್ಸ್ ಅಕೌಂಟಿನಲ್ಲಿ ಬರೆದಿದ್ದಾನೆ.