ಬೋಟಿಗೊಬ್ಬ ಕವಿ ಬೇಕಾಗಿದ್ದಾನೆ

ಬೋಟಿ ಎಂದರೆ ಕುರಿ, ಮೇಕೆಗಳ ಜಠರ ಮತ್ತು ಕರುಳು. ಅದರಿಂದ ಮಾಡಿದ ಸಾರು, ಗೊಜ್ಜುಗಳಿಗೂ ಅದೇ ಹೆಸರು. ಹಳೇ ಮೈಸೂರು ಸೀಮೆಯ ಮಿಲಿಟರಿ ಹೋಟೆಲುಗಳಲ್ಲಿ ರಾಗಿಮುದ್ದೆಯ ಪಕ್ಕದಲ್ಲಿ, ಯುಗಾದಿಯ ಮರುದಿನದ ಹೊಸತೊಡಕಿಗೆ ಮನೆಯ ಒಲೆಯ ಮೇಲೆ ಇದರ ವಾಸ. ಎಂಐಡಿಸಿ ಕೈಗಾರಿಕಾ ವಲಯದ ಕಾರ್ಖಾನೆ, ಮಿಲೇನಿಯಂ ಬಿಸಿನೆಸ್ ಪಾರ್ಕಿನ ಕಚೇರಿ ಎಂದು ನವಿ ಮುಂಬಯಿಯ ಮಹಾಪೆಗೆ ಬಂದ ಆ ಕಡೆಯ ಕನ್ನಡಿಗರಿಗೆ ಮಾತ್ರ ಇದು ಭಾನುವಾರ ಹುಡುಕಿಕೊಂಡು ಹೋಗಬೇಕಾದ ಪದಾರ್ಥ. ಯಾವ ಪಠ್ಯಪುಸ್ತಕವೂ ತನಗೊಂದು ಪಾಠ ಕೊಡಲಿಲ್ಲವೆಂದು ಬೋಟಿ ತನ್ನ ಪಾಠವನ್ನು ತಾನೇ ಒಪ್ಪಿಸುತ್ತದೆ, ಎಲ್ಲೂ ‘ನಾನು’ ಎನ್ನದೆ. ಸಂದರ್ಶನ ನಡೆದದ್ದು ಮಟನ್ ಅಂಗಡಿಯ ಕಟ್ಟೆಯ ಕೆಳಗಿದ್ದ ಪ್ಲಾಸ್ಟಿಕ್ ಟಬ್ಬಿನಲ್ಲಿ. ಮೇಲೆ ಕೊಕ್ಕೆಗೆ ನೇತುಬಿದ್ದ ತೊಡೆಗೆ ಆಹ್ವಾನವಿರಲಿಲ್ಲ.

ಪ್ರಶ್ನೆ: ಮಹಾಪೆಯಲ್ಲಿ ತಾವು ಸಿಗುವುದೇ ಇಲ್ಲ ಎಂಬ ದೂರಿದೆಯಲ್ಲ?

ಬೋಟಿ: ಬೋಟಿ ಸಿಗುತ್ತದೆ, ಕೇಳುವ ರೀತಿ ತಪ್ಪಿರುತ್ತದೆ. ಈ ಕಡೆ ‘ಬೋಟಿ’ ಎಂದರೆ ಮಾಂಸದ ತುಂಡು ಎಂದರ್ಥ. ಅಂಗಡಿಯವನು ಬೇರೇನನ್ನೋ ಕಡಿದು ಕೊಡುತ್ತಾನೆ. ‘ವಜಡಿ’ ಎನ್ನಬೇಕು, ಬೆಳಿಗ್ಗೆ ಬೇಗ ಹೋಗಬೇಕು. ಆಷಾಢದ ಅಮಾವಾಸ್ಯೆಯ ಆಸುಪಾಸಿನಲ್ಲಂತೂ ಸರತಿ ನಿಲ್ಲಲೇಬೇಕು. ಶ್ರಾವಣದಲ್ಲಿ ಮಾಂಸ ಬಿಡುವ ಮರಾಠಿಗರು ಅದಕ್ಕೆ ಮೊದಲು ಹೊಟ್ಟೆ ತುಂಬ ತಿಂದು ಮುಗಿಸುವ ‘ಗಟಾರಿ’ ಅದು. ಕರ್ನಾಟಕದಲ್ಲಿ ಅದೇ ದಿನ ಭೀಮನ ಅಮಾವಾಸ್ಯೆ. ಪಾದಪೂಜೆ ಮಾಡಿಸಿಕೊಂಡ ಗಂಡ ಅದೇ ಪಾದದಲ್ಲಿ ಮಟನ್ ಅಂಗಡಿಗೆ ನಡೆಯಬೇಕೇ ಎಂಬ ಧರ್ಮಸಂಕಟ ಮಹಾಪೆಯ ಕನ್ನಡಿಗನಿಗಷ್ಟೇ ಬರುವಂಥದ್ದು.

ಪ್ರಶ್ನೆ: ಮುಂಬಯಿ ತುಂಬ ನಮ್ಮವರ ಹೋಟೆಲುಗಳೇ ಇವೆ. ಅಲ್ಲೇಕೆ ತಮಗೆ ಜಾಗವಿಲ್ಲ?

ಬೋಟಿ: ಅವು ಹೆಚ್ಚಾಗಿ ಕರಾವಳಿಯವರ ಹೋಟೆಲುಗಳು. ‘ಉಡುಪಿ’ ಎಂದು ಬೋರ್ಡಿದ್ದರೆ ಇಡ್ಲಿ, ದೋಸೆ. ‘ಲಂಚ್ ಹೋಮ್’ ಎಂದಿದ್ದರೆ ಮೀನು, ಕೋರಿರೊಟ್ಟಿ. ಘಟ್ಟದ ಮೇಲಿನವರು ಈ ಊರಿಗೆ ನೌಕರಿಗೆ ಬಂದರೇ ಹೊರತು ಒಲೆ ಹೂಡಲು ಬರಲಿಲ್ಲ. ಹಾಗಾಗಿ ಮುಂಬಯಿಯ ಲೆಕ್ಕದಲ್ಲಿ ಕರ್ನಾಟಕ ಘಟ್ಟದ ಬುಡಕ್ಕೇ ಮುಗಿಯುತ್ತದೆ.

ಪ್ರಶ್ನೆ: ಸ್ಕಾಟ್ಲೆಂಡಿನ ಹ್ಯಾಗಿಸ್ ತಮ್ಮ ನೆಂಟನಂತೆ?

ಬೋಟಿ: ಹತ್ತಿರದ ದಾಯಾದಿ. ಕುರಿಯ ಗುಂಡಿಗೆ, ಲಿವರ್, ಶ್ವಾಸಕೋಶಗಳನ್ನು ಸಣ್ಣಗೆ ಕೊಚ್ಚಿ, ಓಟ್ಸ್, ಕೊಬ್ಬು, ಈರುಳ್ಳಿ, ಮೆಣಸು ಬೆರೆಸಿ, ಕುರಿಯ ಜಠರದಲ್ಲೇ ತುಂಬಿ ಬೇಯಿಸಿದರೆ ಹ್ಯಾಗಿಸ್. ಅಲ್ಲಿ ಜಠರ ಬರೀ ಚೀಲ, ಇಲ್ಲಿ ಅದೇ ಊಟ. ಇನ್ನೊಂದು ವ್ಯತ್ಯಾಸವೂ ಉಂಟು. 1786ರಲ್ಲಿ ರಾಬರ್ಟ್ ಬರ್ನ್ಸ್ ಎಂಬ ಕವಿ ಹ್ಯಾಗಿಸನ್ನು ಸಂಬೋಧಿಸಿ ಪದ್ಯ ಬರೆದ. ಆವತ್ತಿನಿಂದ ಅದರ ದೆಸೆ ತಿರುಗಿತು. ಪ್ರತಿ ಜನವರಿ 25ರಂದು, ಕವಿಯ ಹುಟ್ಟುಹಬ್ಬಕ್ಕೆ, ಬ್ಯಾಗ್‌ಪೈಪ್ ಊದಿಸಿಕೊಂಡು ಹ್ಯಾಗಿಸ್ ಸಭೆಗೆ ಬರುತ್ತದೆ. ಪದ್ಯ ಓದುತ್ತಲೇ ಚಾಕು ಹಾಕುತ್ತಾರೆ. ಬೋಟಿಯನ್ನು ಕರಿ ಪ್ಲಾಸ್ಟಿಕ್ ಚೀಲದಲ್ಲಿ ಹಾಕಿ, ಅದನ್ನು ಇನ್ನೊಂದು ಚೀಲದಲ್ಲಿ ಬಚ್ಚಿಟ್ಟು, ಲಿಫ್ಟಿನಲ್ಲಿ ಯಾರೂ ಇಲ್ಲದ ಹೊತ್ತು ನೋಡಿ ಮೇಲೆ ಒಯ್ಯುತ್ತಾರೆ. ಕುಕ್ಕರ್ ಕೂಗಿದ ಮೇಲೆ ಸೊಸೈಟಿಯ ವಾಟ್ಸಾಪ್ ಗುಂಪಿನಲ್ಲಿ ‘ಯಾವ ಫ್ಲ್ಯಾಟಿನಿಂದ ವಾಸನೆ’ ಎಂಬ ವಿಚಾರಣೆ. ವಿಚಾರಿಸುವ ಮಹಾಶಯರು ಎಡಿನ್‌ಬರೋಗೆ ಆನ್‌ಸೈಟ್ ಹೋದಾಗ ಹ್ಯಾಗಿಸ್ ತಟ್ಟೆಯ ಜೊತೆ ಫೋಟೊ ಹಾಕಿದ್ದವರೇ.

ಪ್ರಶ್ನೆ: ದಾಯಾದಿಗೆ ಕಷ್ಟವೇ ಇಲ್ಲವೇ?

ಬೋಟಿ: ಇದೆ. ಪ್ರಾಣಿಗಳ ಶ್ವಾಸಕೋಶವನ್ನು ಆಹಾರವಾಗಿ ಬಳಸುವುದನ್ನು ಅಮೆರಿಕ 1971ರಲ್ಲಿ ನಿಷೇಧಿಸಿದ್ದರಿಂದ ಅಸಲಿ ಹ್ಯಾಗಿಸ್‌ಗೆ ಅಲ್ಲಿ ಪ್ರವೇಶವಿಲ್ಲ. ಅಲ್ಲಿ ನೆಲೆಸಿದ ಸ್ಕಾಟರದು ಮಹಾಪೆಯ ಕನ್ನಡಿಗರಿಗಿಂತ ದೊಡ್ಡ ಪಾಡು. ತವರಲ್ಲಂತೂ 1984ರಲ್ಲಿ ಮ್ಯಾಕ್‌ಸ್ವೀನ್ ಕಂಪನಿ ಸಸ್ಯಾಹಾರಿ ಹ್ಯಾಗಿಸ್ ತಯಾರಿಸಿತು, ಸ್ಕಾಟಿಷ್ ಪೊಯೆಟ್ರಿ ಲೈಬ್ರರಿಯ ಉದ್ಘಾಟನೆಗೆಂದು. ಮಾಂಸವಿದ್ದರೂ ಕಾವ್ಯ, ಇಲ್ಲದಿದ್ದರೂ ಕಾವ್ಯ. ಇತ್ತ ಬೋಟಿಯ ಜಠರದ ಮೂರನೆಯ ಅರೆಯಲ್ಲಿ ಪುಸ್ತಕದ ಹಾಳೆಗಳಂತೆ ಪದರ ಪದರ ಮಡಿಕೆಗಳಿವೆ. ಎಲ್ಲವೂ ಖಾಲಿ ಹಾಳೆ.

ಪ್ರಶ್ನೆ: ತಮ್ಮನ್ನು ಮನೆಗೆ ಒಯ್ದವರು ಏನು ಮಾಡಬೇಕು?

ಬೋಟಿ: ಮೊದಲು ತಾಳ್ಮೆ. ಜಠರವನ್ನು ಕೈ ತಾಳದಷ್ಟು ಬಿಸಿನೀರಿನಲ್ಲಿ ಸುಣ್ಣ ಹಾಕಿ ಅದ್ದಿ ತೆಗೆದು, ಮೇಲಿನ ಕಪ್ಪು ಪೊರೆಯನ್ನು ಚಾಕುವಿನ ಮೊಂಡು ಅಂಚಿನಿಂದ ಕೆರೆಯಬೇಕು. ನೀರು ಕುದಿದರೆ ಪೊರೆ ಕಚ್ಚಿಕೊಂಡು ಕೂರುತ್ತದೆ, ಆಮೇಲೆ ಉಗುರು ಸವೆದರೂ ಬಿಡುವುದಿಲ್ಲ. ಕೆನೆಬಣ್ಣ ಕಾಣುವವರೆಗೂ ಕೆರೆದು, ಮಡಿಕೆ ಬಿಡಿಸಿ ಬಿಡಿಸಿ ತೊಳೆಯಬೇಕು. ಕರುಳನ್ನು ಒಳಗು ಹೊರಗು ಮಾಡಿ ಉಪ್ಪು, ಅರಿಶಿನ ಹಚ್ಚಿ ಉಜ್ಜಬೇಕು. ನಳದ ನೀರು ನಿಲ್ಲುವುದರೊಳಗೆ ಇದೆಲ್ಲ ಮುಗಿಯಬೇಕು. ಮಹಾಪೆಯ ಅಂಗಡಿಯವನು ‘ಸಾಫ್ ಕರ್‌ಕೆ ದಿಯಾ’ ಎಂದರೆ ಅದು ಸೌಜನ್ಯದ ಮಾತು. ಮನೆಯಲ್ಲಿ ಮತ್ತೆ ಮೊದಲಿನಿಂದ ಶುರು ಮಾಡುವುದು ಕ್ಷೇಮ. ನೆನೆಸಿದ ಕಡಲೆಕಾಳಿನ ಜೊತೆ ಕುಕ್ಕರಿಗೆ ಹಾಕಿ, ಮೆತ್ತಗಾದ ಮೇಲೆ ಕೊತ್ತಂಬರಿಬೀಜ, ಚಕ್ಕೆ, ಲವಂಗ, ಬೆಳ್ಳುಳ್ಳಿ, ಕಾಯಿತುರಿ ರುಬ್ಬಿದ ಮಸಾಲೆ ಬೆರೆಸಿ ಕುದಿಸಿದರೆ ಗೊಜ್ಜು. ಅವರೆಕಾಯಿ ಕಾಲದಲ್ಲಿ ಕಡಲೆಯ ಜಾಗಕ್ಕೆ ಹಸಿ ಅವರೆಕಾಳು, ಸಿಕ್ಕಿದರೆ.

ಪ್ರಶ್ನೆ: ಮುದ್ದೆಗೆ ರಾಗಿ?

ಬೋಟಿ: ‘ನಾಚಣಿ’ ಎಂದು ಕಿರಾಣಿ ಅಂಗಡಿಯಲ್ಲಿ ಕೇಳಿದರೆ ಹಿಟ್ಟೇ ಸಿಗುತ್ತದೆ. ಮುದ್ದೆ ತೊಳಸಲು ಬಾರದವರು ಇಲ್ಲಿಯ ಆಗ್ರಿ ಸಮುದಾಯದವರ ಅಕ್ಕಿಭಾಕರಿಯ ಜೊತೆ ಉಣ್ಣಬಹುದು, ಬೋಟಿಗೆ ಅಭ್ಯಂತರವಿಲ್ಲ. ಪಾವ್ ಜೊತೆ ತಿನ್ನುವವರ ಬಗ್ಗೆ ಮಾತ್ರ ಅದು ಪ್ರತಿಕ್ರಿಯಿಸಲು ನಿರಾಕರಿಸಿತು.